ಫೈಟಿನ ಮಧ್ಯೆ ಪುಟ್ಟತಾಯಮ್ಮ

ಈಗ ನಿಮ್ಮ ಜೊತೆ ಮಾತಾಡ್ತಾ ಕುಂತಿರೋವಾಗ್ಲೇ ಗೋಡೆ ಮೇಲೆ ಹಲ್ಲಿ ಲೊಚಗುಟ್ತು, ಕೇಳುಸ್ತಾ? ನೀವಾಗಿದ್ರೆ ನೆಲ ಕುಟ್ಟಿ ಕೃಷ್ಣ ಕೃಷ್ಣ ಅಂತಿದ್ರಿ, ಅಲ್ಲಿಗೆ ಮುಗೀತು. ನಾನು ಹಂಗಲ್ಲ. ಎದ್ದೋಗಿ ರೇಷ್ಮೆ ಹುಳದ ಮನೆ ಬಾಗ್ಲಲ್ಲಿ ನಿಂತ್ಕಂಡು, ಒಳಗಿರೋ ಡಬ್ಬದ ಹಸ್ರು ದೀಪ ಉರೀತಾ ಐತಾ ಅಂತ ನೋಡ್ಕಂಡು ಬಂದೆ. ಉರೀತಾ ಐತೆ, ಸದ್ಯ. ಈ ಕಾಯಿಲೆ ನಂಗೆ ಅಂಟ್ಕಂಡಿದ್ದು ಹೋದ ವರ್ಷ. ಅವತ್ತೂ ಹಿಂಗೇ ಟೀವಿ ಮೇಜಿನ ಹಿಂದ್ಗಡೆಯಿಂದ ಲೊಚ್ ಲೊಚ್ ಅಂತು. ಹಲ್ಲಿ ಅನ್ಕಂಡು ನಾನೂ ನೆಲ ಕುಟ್ದೆ. ಬಗ್ಗಿ ನೋಡಿದ್ರೆ ಹಲ್ಲಿ ಎಲ್ಲೈತೆ? ಲೊಚಗುಟ್ತಾ ಇದ್ದಿದ್ದು ನನ್ನ ಹಾರ್ಡ್ ಡಿಸ್ಕು.

ಆ ಡಿಸ್ಕು ಅಂದ್ರೆ ಏನು ಅಂತ ನಿಮಗೆ ಒಸಿ ಹೇಳ್ಬೇಕು. ರಾಮನಗರ, ಚನ್ನಪಟ್ಣ, ಕನಕಪುರ, ಮಾಗಡಿ, ನಾಲ್ಕೂ ತಾಲೂಕು ಜಾಲಾಡ್ರಿ. ನನ್ನಷ್ಟು ಪಿಚ್ಚರ್ ಕೂಡಾಕಿರೋ ಗಂಡಸು ಇನ್ನೊಬ್ಬ ಸಿಕ್ಕಿದ್ರೆ ನನ್ನ ಮೀಸೆ ಬೋಳ್ಸ್ಕತೀನಿ. ಮೀಸೆ ನಾನು ಇಟ್ಟೇ ಇಲ್ಲ, ಅದು ಬ್ಯಾರೆ ಮಾತು. ಒಂದು ಕಾಲ್ದಲ್ಲಿ ಚನ್ನಪಟ್ಣದಲ್ಲಿ ನಂದು ವಿಡಿಯೋ ಕ್ಯಾಸೆಟ್ ಅಂಗಡಿ. ಪಕ್ಕದಲ್ಲಿ ಬೊಂಬೆ ಮಾಡೋರು, ಅವರ ಅರಗಿನ ವಾಸನೆ ನನ್ನ ಕ್ಯಾಸೆಟ್ಟಿಗೆಲ್ಲಾ ಮೆತ್ಕಂಡಿರೋದು. ಪಿಚ್ಚರ್ ಬಾಡಿಗೆಗೆ ಕೊಡ್ತಿದ್ದೆ, ಮದ್ವೆ ಸೀಜನ್ನಲ್ಲಿ ಕ್ಯಾಮ್ರಾ ಹೆಗಲಿಗೇರಿಸ್ಕಂಡು ಮದ್ವೆ ವಿಡಿಯೋನೂ ತೆಗೀತಿದ್ದೆ. ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡೀತು, ಪಿಚ್ಚರೆಲ್ಲಾ ಸೀಡಿಗೆ ಹಾಕ್ದೆ. ಸೀಡಿ ಕಾಲನೂ ಹೋಯ್ತು, ಡಿಸ್ಕಿಗೆ ಹಾಕ್ದೆ. ಮಿಕ್ಕಿದ ಸೀಡಿಗಳ್ನ ನಮ್ಮನೆಯವಳು ಜಯಮ್ಮ ದಾರಕ್ಕೆ ಕಟ್ಟಿ ರಾಗಿ ಹೊಲದಲ್ಲಿ ನೇತಾಕಿದ್ಳು, ಹಕ್ಕಿ ಓಡ್ಸಕ್ಕೆ. "ನಿಮ್ಮ ಹೀರೋಗಳು ಈಗ್ಲಾದ್ರೂ ಒಂದು ಕೆಲ್ಸ ಮಾಡ್ತಾವ್ರೆ ಬುಡಿ" ಅಂದ್ಳು.

"ಅದೇ ಪಿಚ್ಚರ್‌ಗಳು ಈಗ ಫೋನಲ್ಲೇ ಬತ್ತವಲ್ಲ, ಯಾಕಿಷ್ಟು ಒದ್ದಾಡ್ತೀಯ?" ಅಂತ ನೀವು ಕೇಳ್ತೀರ, ಗೊತ್ತು. ನಿಮ್ಮ ಫೋನಲ್ಲಿ ಬರೋದು ಬರೀ ಪಿಚ್ಚರ್ ಕಣ್ರೀ. ನನ್ನ ಪಿಚ್ಚರ್ ಹಂಗಲ್ಲ. ಅಂಗಡೀಲಿ ನಂತಾವ ಎರಡು ವೀಸಿಆರ್ ಇದ್ವು. ಒಂದ್ರಿಂದ ಇನ್ನೊಂದಕ್ಕೆ ಪಿಚ್ಚರ್ ಇಳಿಸ್ಕಳೋವಾಗ ನಾನು ಮಧ್ಯ ಮಧ್ಯ ಮದ್ವೆ ತುಣುಕು ಸೇರಿಸ್ಬುಡ್ತಿದ್ದೆ. ಸುಮ್ನೆ ಎಲ್ಲೆಂದ್ರಲ್ಲಿ ಅಲ್ಲ, ಎಲ್ಲಿ ಹಾಕಿದ್ರೆ ಚುರ್ ಅಂತದೋ ನೋಡ್ಕಂಡು ಅಲ್ಲೇ ಹಾಕ್ತಿದ್ದೆ. ಅದು ನನ್ನ ವಿದ್ಯೆ. ಒಂದು ಸಲ ದೊಡ್ಡಮಳೂರಿನ ಮೇಷ್ಟ್ರೊಬ್ರು ಕ್ಯಾಸೆಟ್ ಹಿಡ್ಕಂಡು ಉರಿಉರಿ ಅಂತ ಬಂದ್ರು.

"ಏನಯ್ಯಾ ಇದು? ಹೀರೋ ಹೀರೋಯಿನ್ ಮರ ಸುತ್ತೋ ಹಾಡಿನ ಮಧ್ಯೆ ನಮ್ಮತ್ತೆ ಎಲೆ ಮುಂದೆ ಕುಂತು ಇನ್ನೊಂದು ಲಾಡು ಕೇಳ್ತಾವ್ರಲ್ಲ!"

"ಕೊಟ್ರಾ ಸಾರ್, ಲಾಡು?" ಅಂದೆ.

ಅವರು ಬೈಯಕ್ಕೆ ಬಾಯಿ ತೆಗ್ದೋರು ನಕ್ಬುಟ್ರು. ಆಮೇಲಾಮೇಲೆ ಜನಾನೇ ಬಂದು "ಅಣ್ಣ, ನಮ್ಮಜ್ಜಿ ಇರೋ ಪಿಚ್ಚರ್ ಕೊಡಿ" ಅಂತ ಕೇಳಿ ಇಸ್ಕಂಡೋಗೋರು.

ಸರಿ, ಡಿಸ್ಕು ಲೊಚಗುಟ್ಟಿದ್ದಕ್ಕೆ ನನ್ನ ಜೀವ ಬಾಯಿಗೆ ಬಂದಿದ್ದು ಮೇಷ್ಟ್ರ ಅತ್ತೆ ಲಾಡಿಗಾಗಿ ಅಲ್ಲ. ನನ್ನ ಸೊಸೆ ರತ್ನನಿಗಾಗಿ.

ನಮ್ಮನೇಲಿ ಹುಳ ಸಾಕೋದು ಪೂರ್ತಿ ಅವಳ ಕೆಲ್ಸ. ಹಿಂದಿನ ದಿನ ಇಬ್ರೂ ಕುಂತು ಹಿಪ್ಪುನೇರಳೆ ಸೊಪ್ಪು ಬಿಡಿಸ್ತಿದ್ವಿ. ಮಾತಿಗೆ ಮಾತು ಬಂದು ಅವಳು, ಕೆಂಪಾಪುರದಲ್ಲಿ ಅವರ ಚಿಕ್ಕಪ್ಪನ ಮದ್ವೆ ನಡೆದಿದ್ದು, ಅಲ್ಲಿ ಅವಳ ತಾಯಿ ಪುಟ್ಟತಾಯಮ್ಮ ಸೋಬಾನೆ ಹೇಳಿದ್ದು ಎಲ್ಲಾ ತೆಗುದ್ಳು. ಅವಳು ನೋಡಿ ಹೇಳಿದ್ದಲ್ಲ, ಊರೋರು ಹೇಳಿದ್ದು ಕೇಳಿ ಹೇಳಿದ್ದು. ಅವರಮ್ಮ ತೀರ್ಕಂಡಾಗ ಇವಳು ಇನ್ನೂ ಸೊಂಟದಿಂದ ಇಳ್ದು ಓಡಾಡಕ್ಕೆ ಶುರು ಮಾಡಿದ್ಳು, ಅಷ್ಟೇ. ಇರೋದು ಒಂದು ಫೋಟೋ, ಅದ್ರಲ್ಲೂ ಯಾರ್ದೋ ಮೊಣಕೈ ಅಡ್ಡ ಬಂದು ಅರ್ಧ ಮೊಖ ಮುಚ್ಚೋಗೈತೆ.

ಸೊಪ್ಪು ಬಿಡಿಸ್ತಿದ್ದ ನನ್ನ ಕೈ ಅಲ್ಲೇ ನಿಂತೋಯ್ತು. "ಅಯ್ಯೋ, ಆ ಮದ್ವೆ ವಿಡಿಯೋ ತೆಗ್ದೋನು ನಾನೇ ಕಣವ್ವ!"

ನಿಜವಾಗ್ಲೂ ನಾನೇ. ಲೈಟ್ ಹಾಕಿದ ತಕ್ಷಣ ಹೆಂಗಸ್ರೆಲ್ಲಾ ಸೆರಗು ಎಳ್ಕಂಡು ಆಕಡೆ ತಿರುಗ್ಬುಟ್ರು. ಒಬ್ಬಾಕೆ ಮಾತ್ರ ಕ್ಯಾಮ್ರಾ ಕಣ್ಣಿಗೇ ಕಣ್ಣಿಟ್ಟು, ಗಂಡಿನ ಮೀಸೆ ಆಡ್ಕಂಡು ಜಾಡಿಸ್ತಾ ಪದ ಹೇಳಿದ್ಳು. ಅವಳ ಹೆಸರೇನು, ಯಾರ ಮನೆಯೋಳು, ಆಗ ನಂಗೇನು ಗೊತ್ತು? ಚೆನ್ನಾಗೈತೆ ಅಂತ ಒಂದು ಪಿಚ್ಚರಿಗೆ ಸೇರಿಸ್ದೆ. ಮದ್ವೆ ಕ್ಯಾಸೆಟ್ಟು ಅವರ ಮನೇಲೇ ಬೂಷ್ಟು ಹಿಡ್ದು ಹಾಳಾಯ್ತಂತೆ. ಉಳ್ದಿದ್ದು ನನ್ನ ಚೇಷ್ಟೇಲಿ ಸೇರ್ಕಂಡಿರೋದು ಒಂದೇ.

ರತ್ನ ಕುಡಗೋಲು ಕೆಳಗಿಟ್ಳು. "ಮಾವ, ತ್ವಾಟಕ್ಕೆ ಚಿರತೆ ಬಂದೈತೆ ಅಂತ ನನ್ನ ಓಡಿಸಿದ್ರಿ, ನಕ್ಕೆ. ಬ್ಯಾರೆ ಯಾವುದ್ರಲ್ಲಾದ್ರೂ ಆಟ ಆಡಿ. ನಮ್ಮವ್ವನ ವಿಷ್ಯದಲ್ಲಿ ಬ್ಯಾಡ."

"ಆಟ ಅಲ್ಲ ಕಣವ್ವ. ನಾಳೆ ತೋರುಸ್ತೀನಿ."

ಕುಡಗೋಲು ತಿರುಗ ಎತ್ಕಂಡು ಕೇಳಿದ್ಳು: "ದನಿನೂ ಐತಾ?"

"ಐತೆ."

"ನಂಗೆ ಅವಳ ದನಿ ನೆಪ್ಪಿಲ್ಲ" ಅಂದ್ಳು.

ಮಾರನೇ ದಿನ ಡಿಸ್ಕು ಲೊಚ್ ಲೊಚ್. ಈಗ ಹೇಳಿ, ನೀವಾಗಿದ್ರೆ ನೆಲ ಕುಟ್ಕಂಡು ಕುಂತಿರ್ತಿದ್ರಾ?

ನಾನೂ ನನ್ನ ಮಗ ಲೋಕೇಶನೂ ರಾಮನಗರದ ಕಂಪ್ಯೂಟರ್ ಅಂಗಡಿಗೆ ಓಡಿದ್ವಿ. ಡಿಸ್ಕನ್ನ ಟವಲಲ್ಲಿ ಸುತ್ತಿ, ಬೈಕಲ್ಲಿ ಹಿಂದೆ ಕುಂತು, ಹಸಿ ಬಾಣಂತಿ ಕೂಸು ಹಿಡ್ಕಂಡಂಗೆ ಹಿಡ್ಕಂಡಿದ್ದೆ. ಕೈಲಾಂಚದ ರಸ್ತೇಲಿ ಒಂದೊಂದು ಹಳ್ಳ ಬಂದಾಗ್ಲೂ ನನ್ನ ಎದೆ ಧಸಕ್ ಅನ್ನೋದು. ಅಂಗಡಿಯವನು ಕಿವಿ ಇಟ್ಟು ಕೇಳಿ, ಡಾಕ್ಟ್ರಂಗೆ ತಲೆ ಆಡಿಸ್ದ. "ಎಷ್ಟೊತ್ತು ಬದುಕ್ತದೋ ಹೇಳಕ್ಕಾಗಲ್ಲ ಯಜಮಾನ್ರೆ. ಬಿಸಿ ಆದ್ರೆ ನಿಂತೋಗ್ತದೆ. ತಣ್ಣಗಿರೋ ಜಾಗದಲ್ಲಿಟ್ಟು ಬ್ಯಾರೆ ಕಡೆ ಕಾಪಿ ಮಾಡ್ಕಬುಡಿ. ಇನ್ಮೇಲೆ ಒಂದು ಸರ್ವರ್ ಇಟ್ಕಳಿ, ಒಂದು ಪ್ಲೇಯರ್ ಇಟ್ಕಳಿ."

ಸರ್ವರ್ ಅಂದ್ರೆ ಪಿಚ್ಚರಿನ ಕಣಜ ಅಂತೆ. ಪ್ಲೇಯರ್ ಅಂದ್ರೆ ಕಣಜದಿಂದ ತಗ್ದು ಟೀವಿಗೆ ಬಡಿಸೋನು. ಕಣಜದಲ್ಲೂ ಜಾತಿ ಜಾತಿ. ಅವನು ಒಂದು ಕಪ್ಪು ಡಬ್ಬ ತೋರಿಸ್ದ. "ಇದ್ರಲ್ಲಿ ಎರಡು ಡಿಸ್ಕು. ಒಂದ್ರಲ್ಲಿರೋದೇ ಇನ್ನೊಂದ್ರಲ್ಲೂ ಇರ್ತದೆ. ಒಂದು ಸತ್ರೂ ಇನ್ನೊಂದು ಬದುಕಿರ್ತದೆ."

"ಎರಡೂ ಒಟ್ಟಿಗೆ ಸತ್ರೆ?"

"ಹಂಗೆಲ್ಲಾ ಸಾಯಲ್ಲ ಯಜಮಾನ್ರೆ."

"ನಮ್ಮೂರಲ್ಲಿ ಗಂಡ ಹೆಂಡ್ತಿ ಒಂದೇ ದಿನ ಸತ್ತವ್ರೆ ಕಣಪ್ಪ."

"ಅಪ್ಪ, ಸುಮ್ನಿರು" ಅಂತ ಲೋಕೇಶ ನನ್ನ ತೊಡೆ ಚಿವುಟ್ದ. ನಂಗೆ ತಮಾಷೆ ಅಲ್ಲ ಅದು, ನಿಜವಾದ ಭಯ. ಕರೆಂಟ್ ಹೋದ್ರೆ? ಇಲಿ ವೈರ್ ಕಡಿದ್ರೆ? ಸಿಡ್ಲು ಹೊಡುದ್ರೆ? ಕೇಳ್ತಾನೇ ಇದ್ದೆ, ಅವನು ಬೆವರು ಒರೆಸ್ಕತಾನೇ ಇದ್ದ.

ಪ್ಲೇಯರಲ್ಲಿ ಎರಡು ಇಟ್ಟ. ಒಂದು ತೆಳ್ಳಗೆ ಬೆಳ್ಳಗೆ ಮದುವಣಗಿತ್ತಿ ಹಂಗೈತೆ. ಪೋಸ್ಟರ್ ತೋರುಸ್ತದೆ, ಕತೆ ಹೇಳ್ತದೆ, ಬಾಯಲ್ಲಿ ಕೇಳಿದ್ರೆ ಹಾಕ್ತದೆ, ಆದ್ರೆ ಫೈಲು ನೆಟ್ಟಗಿರ್ಬೇಕು. ಒಸಿ ಹಾಳಾಗಿದ್ರೂ ಮೂತಿ ತಿರುಗುಸ್ತದಂತೆ. ಇನ್ನೊಂದು ದಪ್ಪಗೆ, ಕರ್ರಗೆ, ಇಟ್ಟಿಗೆ ಹಂಗೈತೆ. "ಇದು ನೋಡಕ್ಕೆ ಲಕ್ಷಣ ಇಲ್ಲ. ಹಳೇದು, ಮುರುದಿದ್ದು, ಅರ್ಧಂಬರ್ಧ, ಏನು ಕೊಟ್ರೂ ನುಂಗ್ತದೆ" ಅಂದ. ಲೋಕೇಶನಿಗೆ ಬೆಳ್ಳಗಿರೋದೇ ಬೇಕು. ನಾನು ಕರ್ರಗಿರೋದನ್ನ ತಬ್ಬಿ ಹಿಡ್ಕಂಡು ಕುಂತ್ಬುಟ್ಟೆ. ನನ್ನ ಹೊಟ್ಟೆನೂ ಅಂಥದ್ದೇ, ನಂಬಿಕೆ ಬಂತು. ಕಡೆಗೆ ಕಪ್ಪು ಡಬ್ಬನೂ ಅದನ್ನೂ ಕೊಂಡ್ಕಂಡು ಬಂದ್ವಿ.

ತಣ್ಣಗಿರೋ ಜಾಗ ಅಂದ್ರೆ ನಮ್ಮನೇಲಿ ಹುಳದ ಮನೆ ಒಂದೇ. ಫ್ಯಾನು, ಇನ್ವರ್ಟರು ಎಲ್ಲಾ ಅಲ್ಲೇ ಇರೋದು. ಮನುಷ್ಯರಿಗೆ ಸೆಕೆಯಾದ್ರೆ ಬೀಸಣಿಗೆ, ಹುಳಕ್ಕೆ ಇನ್ವರ್ಟರ್. ರತ್ನ ಬಾಗ್ಲಿಗೆ ಅಡ್ಡ ನಿಂತ್ಳು. "ಡಬ್ಬ ಮೂಲೇಲಿ ಇಡಿ, ಬ್ಯಾಡ ಅನ್ನಲ್ಲ. ನೀವು ಹೊಗೆಸೊಪ್ಪು ಹಾಕೋರು. ಆ ಕೈ ಸೋಕಿದ್ರೆ ಹುಳ ಹೊರಳಾಡಿ ಸಾಯ್ತವೆ. ಬಾಯಿ ಮುಕ್ಕಳಿಸಿ, ಸೋಪ್ ಹಾಕಿ ಕೈ ತೊಳ್ದು, ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಬನ್ನಿ." ನನ್ನ ಪಿಚ್ಚರ್ ನಾನು ನೋಡಕ್ಕೆ ದೇವಸ್ಥಾನಕ್ಕೆ ಹೋಗೋನಂಗೆ ಕೈಕಾಲು ತೊಳ್ಕಂಡು ಹೋಗ್ಬೇಕಾಯ್ತು!

ಲೋಕೇಶ ಎರಡು ದಿನ ಕುಂತು ಎಲ್ಲಾ ಜೋಡಿಸ್ದ. ಹಳೇ ಟೀವಿ ಒಂದು ಅಲ್ಲೇ ಗೋಡೆಗೆ ನೇತಾಕಿ, "ಅಪ್ಪ, ನಿನ್ನ ಪಿಚ್ಚರೆಲ್ಲಾ ಬಂದವೆ" ಅಂದ. ನಾನು ಎದೆ ಉಬ್ಬಿಸ್ಕಂಡು ರತ್ನನ್ನ ಕರುದೆ. ಜಯಮ್ಮನೂ ಬಂದ್ಳು. ಪುಟ್ಟತಾಯಮ್ಮ ಇರೋದು ಯಾವ ಪಿಚ್ಚರ್ ಅಂತ ಅಷ್ಟರಲ್ಲಿ ತಲೆ ಕೆಡಿಸ್ಕಂಡು ಪತ್ತೆ ಹಚ್ಚಿದ್ದೆ. ಬೆಟ್ಟದ ಮೇಲಿನ ಫೈಟಲ್ಲಿ ಸೇರಿಸಿದ್ದು ನೆಪ್ಪಿತ್ತು. ನಮ್ಮ ಕಡೆ ಬಂಡೆ ಮೇಲೆ ಹೊಡೆದಾಡದೆ ಇರೋ ಹೀರೋ ಯಾವನವ್ನೆ, ಅದೊಂದ್ರಿಂದ ಏನು ತಿಳೀತದೆ? ಆಮೇಲೆ ನನ್ನ ವಿದ್ಯೆ ನೆಪ್ಪಾಯ್ತು. ಅವಳು ಮೀಸೆ ಜಾಡಿಸಿದ್ಳಲ್ಲ, ಹಂಗಾದ್ರೆ ನಾನು ಮೀಸೆ ತಿರುವೋ ವಿಲನ್ ಮುಂದೆ ತಾನೇ ಹಾಕಿರ್ಬೇಕು! ಜೀಪಿಂದ ಇಳ್ದು ಮೀಸೆ ಮೇಲೆ ಕೈ ಇಡೋನು ಒಬ್ನೇ.

ಪಿಚ್ಚರ್ ಹಾಕ್ದೆ. ಬಣ್ಣ ಕನ್ನಡಿ ಹಂಗೈತೆ. ಜೀಪು ಬಂತು. ವಿಲನ್ ಇಳ್ದ. ಮೀಸೆ ತಿರುವ್ದ. "ಈಗ ನೋಡವ್ವ" ಅಂದೆ. ಹೀರೋ ಹಾರಿ ಒದ್ದ. ಫೈಟು ಶುರುವಾಯ್ತು, ಮುಗುದೂ ಹೋಯ್ತು. ಪುಟ್ಟತಾಯಮ್ಮ ಬರ್ಲಿಲ್ಲ.

ರತ್ನ ಬೈಯ್ಲಿಲ್ಲ, ಬೈದಿದ್ರೆ ಚೆನ್ನಾಗಿರೋದು. "ಗೊತ್ತಿತ್ತು ಬುಡಿ ಮಾವ" ಅಂತ ಸೊಪ್ಪಿನ ಕುಕ್ಕೆ ಎತ್ಕಂಡು ಹೊರಗೆ ಹೋದ್ಳು. ಜಯಮ್ಮ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಬ್ಯಾಡ.

"ಲೇ, ನನ್ನ ಪ್ರಿಂಟ್ ಎಲ್ಲೋ?"

"ಆ ಗೆರೆ ಗೆರೆ ಪ್ರಿಂಟಾ?" ಅಂದ ಲೋಕೇಶ. "ಅದನ್ಯಾಕೆ ತುಂಬೋದು ಅಂತ ಎಲ್ಲಾ ಪಿಚ್ಚರ್‌ಗೂ ಫ್ರೆಂಡ್ ಹತ್ರ ಕ್ಲೀನ್ ಪ್ರಿಂಟ್ ತಂದು ಹಾಕ್ದೆ. ಎಷ್ಟು ನೀಟಾಗೈತೆ ನೋಡಪ್ಪ."

"ನೀಟಾಗಿ ನಿಮ್ಮತ್ತೆನೇ ಗುಡಿಸಿ ಎಸುದ್ಯಲ್ಲೋ!"

ನನ್ನ ಡಿಸ್ಕು ಅಟ್ಟದ ಮೇಲೆ ಗುಜರಿ ಡಬ್ಬದಲ್ಲಿತ್ತು. ಕೆಟ್ಟೋಗಿರೋ ಮೋಟ್ರು ಪಕ್ಕ. ನಾನು ಮುಟ್ಟಕ್ಕೆ ಹೋಗ್ಲಿಲ್ಲ, ಲೋಕೇಶನೇ ತಂದು ಸಿಕ್ಕಿಸ್ದ. ಲೊಚ್ ಅಂತು. ಸುಮ್ನಾಯ್ತು. ತಿರುಗ ಲೊಚ್. ಹಾಳಾದ್ದು ಲೊಚಗುಟ್ಟಿದ್ರೆ ಭಯ, ಸುಮ್ನಾದ್ರೆ ಇನ್ನೂ ಭಯ. ಅಂಥಾ ಹೊತ್ತಲ್ಲಿ ಹೆಸರುಗಳು ಒಂದೊಂದಾಗಿ ಟೀವೀಲಿ ಬಂದ್ವು. ನನ್ನ ಇಡೀ ಬದುಕು ಅಲ್ಲೈತೆ, ಒಂದನ್ನ ಮಾತ್ರ ತಗಬಹುದು ಅಂದ್ರೆ ಹೆಂಗಿರ್ತದೆ ಹೇಳಿ. ಮೇಷ್ಟ್ರ ಅತ್ತೆ, ಲಾಡು, ಯಾರ್ಯಾರೋ ಅಜ್ಜಿಯರು, ಎಲ್ಲಾರ್ಗೂ ಮನಸ್ನಲ್ಲೇ ಕೈ ಮುಗುದು ಜೀಪಿನ ಪಿಚ್ಚರ್ ತೋರಿಸ್ದೆ. "ಇದೊಂದೇ. ಬ್ಯಾರೆ ಯಾವುದೂ ಮುಟ್ಬೇಡ."

ಎಷ್ಟು ಕಾಪಿ ಆಯ್ತು ಅಂತ ತೋರ್ಸೋ ಹಸ್ರು ಗೆರೆ ಟೀವೀಲಿ ಬಸವನ ಹುಳು ಹಂಗೆ ತೆವಳ್ತು. ಹುಳದ ಮನೇಲಿ ಕೂಗಾಡಂಗಿಲ್ಲ, ಹೊಗೆಸೊಪ್ಪು ಹಾಕಂಗಿಲ್ಲ, ಬರೀ ಅಂಗೈ ಉಜ್ಕಂಡು ಕುಂತಿದ್ದೆ. ರತ್ನ ಬಂದು ನಮ್ಮ ಕಡೆ ತಿರುಗೂ ನೋಡ್ದೆ ತಟ್ಟೆ ತಟ್ಟೆಗೂ ಸೊಪ್ಪು ಹಾಕ್ತಾ ಹೋದ್ಳು. ಪೊರೆ ಬಿಡೋ ನಿದ್ದೆಗೆ ನಾವು ಜ್ವರ ಅಂತೀವಿ, ಅದ್ರಿಂದ ಎದ್ದ ಹುಳ ಹಸ್ಕಂಡಿದ್ವು, ಸೋನೆ ಮಳೆ ಹಂಗೆ ಸದ್ದು ಮಾಡ್ತಾ ತಿನ್ನಕ್ಕೆ ಹತ್ಕಂಡ್ವು. ಗೆರೆ ಮುಕ್ಕಾಲು ದಾಟ್ತು. ಡಿಸ್ಕು ಜೋರಾಗಿ ಕಿರ್ರ್ ಅಂತು. ಗೆರೆ ನಿಂತೋಯ್ತು. ಆಮೇಲೆ ಡಿಸ್ಕಿಂದ ಏನೂ ಕೇಳುಸ್ಲಿಲ್ಲ, ಹುಳ ತಿನ್ನೋ ಸದ್ದು ಬಿಟ್ಟು.

"ಫೈಲು ಅರ್ಧಂಬರ್ಧ ಬಂದೈತೆ ಅಪ್ಪ" ಅಂದ ಲೋಕೇಶ, ಮೆಲ್ಲಗೆ.

"ಕರಿಯನ್ಗೆ ಕೊಡು" ಅಂದೆ.

ಇಟ್ಟಿಗೆ ಹಂಗಿದ್ದ ಆ ಪ್ಲೇಯರ್ ಒಸಿ ಹೊತ್ತು ಯೋಚ್ನೆ ಮಾಡ್ತು. ಆಮೇಲೆ ಗೆರೆ ಗೆರೆಯಾಗಿ ಪಿಚ್ಚರ್ ಬಂತು. ಜೀಪು ಬಂತು. ವಿಲನ್ ಮೀಸೆ ಮೇಲೆ ಕೈ ಇಟ್ಟ. ಪರ್ದೆ ಒಂದು ಸಲ ಕುಲುಕ್ತು, ಅಷ್ಟೇ, ಹಸೆ ಮುಂದೆ ನಿಂತ್ಕಂಡು ಪುಟ್ಟತಾಯಮ್ಮ ದನಿ ತೆಗುದ್ಳು.

ರತ್ನ ತಿರುಗಿದ್ಳು. ಕೈಲಿ ಸೊಪ್ಪು ಹಂಗೇ ಇತ್ತು. ಅವರಮ್ಮ ಮೂಗು ಅರಳಿಸಿ, ಗಂಡಿನ ಮೀಸೆ ಕಡೆ ಕೈ ಚಾಚಿ, ನಗೂ ತಡ್ಕಂಡು ಹಾಡ್ತಾವ್ಳೆ. ಪಕ್ಕದ ಹೆಂಗಸ್ರ ಭುಜದ ಹತ್ರಕ್ಕೂ ಬರಲ್ಲ ಅವಳು. ಪದ ಮುಗೀತು, ಹೀರೋ ಹಾರಿ ಒದ್ದ.

ರತ್ನನೇ ಮೊದ್ಲು ಬಾಯಿ ತೆಗುದ್ಳು.

"ನಮ್ಮವ್ವ ಇಷ್ಟು ಗಿಡ್ಡ ಇದ್ಳಾ ಮಾವ? ನಾನು ಎತ್ತರ ಅನ್ಕಂಡಿದ್ದೆ."

ನಾನು ಜೀಪ್ ಬರೋ ಜಾಗಕ್ಕೆ ಹಿಂದೆ ಓಡಿಸಿ ಇನ್ನೊಂದು ಸಲ ಹಾಕ್ದೆ.

ಲೋಕೇಶ ತಪ್ಪು ಮಾಡಿದೋನಂಗೆ ನಿಂತಿದ್ದ. "ಅತ್ತೆ ಇರೋದಷ್ಟೇ ಕತ್ತರಿಸಿ ಬ್ಯಾರೆ ಮಾಡ್ಕೊಡ್ತೀನಿ, ಫೈಟೆಲ್ಲಾ ತಗ್ದು" ಅಂದ. ರತ್ನ ಬ್ಯಾಡ ಅಂದ್ಳು. "ಹಂಗೇ ಇರ್ಲಿ. ಜೀಪು ಬರ್ಲಿ, ಆಮೇಲೆ ನಮ್ಮವ್ವ ಬರ್ಲಿ."

ಈಗ ಆ ಮುಕ್ಕಾಲು ಪಿಚ್ಚರು ಡಬ್ಬದ ಎರಡು ಡಿಸ್ಕಲ್ಲೂ ಐತೆ. ಲೋಕೇಶನ ಫೋನಲ್ಲೈತೆ. ಕೆಂಪಾಪುರದ ಅವಳ ಚಿಕ್ಕಪ್ಪನ ಮನೇಲೂ ಐತೆ, ಆ ವಯ್ಯನ ಮೀಸೆ ಈಗ ಬೆಳ್ಳಗಾಗೈತೆ. ಆದ್ರೂ ನನ್ನ ಭಯ ಹೋಗಿಲ್ಲ. ಹಲ್ಲಿ ಒಂದು ಮಾತಾಡಂಗಿಲ್ಲ ನಮ್ಮನೇಲಿ, ನಾನು ಎದ್ದೋಗಿ ದೀಪ ನೋಡ್ಬೇಕು. ಮದ್ವೆ ತುಣುಕಿದ್ದ ನನ್ನ ಉಳಿದ ಪಿಚ್ಚರ್‌ಗಳೆಲ್ಲಾ ಆ ಡಿಸ್ಕಿನ ಜೊತೆಗೇ ಹೋದ್ವು. ಕಲೆಕ್ಷನ್ ಅಂತ ಕೊಚ್ಕಳಕ್ಕೆ ಈಗ ನಂತಾವ ಇರೋದು ಆ ಮುಕ್ಕಾಲು ಪಿಚ್ಚರು ಒಂದೇ. ಆದ್ರೂ ಮೀಸೆ ಬೋಳ್ಸ್ಕಳಲ್ಲ, ಇಂಥದ್ದು ಯಾರ ಹತ್ರಾನೂ ಇಲ್ಲ.

ರತ್ನ ಸೊಪ್ಪು ಹಾಕೋವಾಗೆಲ್ಲಾ ಅದನ್ನ ಹಾಕ್ತಾಳೆ. ಫೈಟ್ ನಡೀತಾ ನಡೀತಾ ಒಂದು ಕಡೆ ಪರ್ದೆ ಗಕ್ ಅಂತ ನಿಂತೋಗ್ತದೆ, ವಿಲನ್ ಕೈ ಮೇಲೆತ್ತಿರೋ ಹಂಗೇ.

"ಆಮೇಲೆ ಅವನು ಏನಾದ ಮಾವ?" ಅಂತ ಕೇಳ್ತಾಳೆ.

ಕ್ಲೀನ್ ಪ್ರಿಂಟ್ ಡಬ್ಬದಲ್ಲೇ ಐತೆ, ಗುಂಡಿ ಒತ್ತಿದ್ರೆ ಗೊತ್ತಾಗ್ತದೆ. ಅವಳು ಒತ್ತಲ್ಲ. ನಾನು ಹೇಳ್ತೀನಿ: ನಿಮ್ಮವ್ವನ ಪದ ಕೇಳಿ ನಾಚ್ಕಂಡು, ಜೀಪ್ ಮಾರಿ, ಮಾಗಡಿ ಕಡೆ ಹೋಗಿ ಹುಳ ಸಾಕ್ತಾವ್ನೆ ಅಂತೀನಿ. ಮೊನ್ನೆ ದೊಡ್ಡಮಳೂರಲ್ಲಿ ಹರಕೆ ಹೊತ್ತು ಮೀಸೆ ತೆಗೆಸ್ಬುಟ್ಟ ಅಂದೆ. ನೆನ್ನೆ ನಿಮ್ಮವ್ವನ ಕಂಡು ಕಾಲಿಗೆ ಬಿದ್ದ ಅಂದೆ.

"ಬರೀ ಸುಳ್ಳು" ಅಂತ ನಗ್ತಾಳೆ. ಈಗ ಹುಳದ ಮನೆಯಿಂದ ಕರೀತಾವ್ಳೆ, ಕೇಳುಸ್ತಾ? ನಾನು ಬತ್ತೀನಿ, ಕೈ ತೊಳ್ಕಬೇಕು. ಇವತ್ತು ಅವನು ಏನಾದ ಅಂತ ಇನ್ನೂ ಯೋಚ್ನೆನೇ ಮಾಡಿಲ್ಲ.