ನಮ್ಮಜ್ಜಿಯ ಬಣ್ಣಗಳು

ತೊಂಬತ್ತರ ದಶಕದಲ್ಲಿ ಆಂಡರ್ಸನ್‌ಪೇಟೆಯ ಒಂದು ಸಣ್ಣ ಆಫೀಸಿನಲ್ಲಿ ನಾನೂ ನನ್ನ ಗೆಳತಿಯೂ ಕಂಪ್ಯೂಟರಿನಲ್ಲಿ ಊರುಗಳ ನಕ್ಷೆಗೆ ಬಣ್ಣ ತುಂಬುತ್ತಿದ್ದೆವು. ಬಣ್ಣ ತುಂಬುವುದೆಂದರೆ ಅಂಕಿ ಹೊಡೆಯುವುದು: ಕೆಂಪಿಗಿಷ್ಟು, ಹಸಿರಿಗಿಷ್ಟು, ನೀಲಿಗಿಷ್ಟು. ಒಂದು ಅಂಕಿ ತಪ್ಪಿದರೆ ಕೆರೆ ಗುಲಾಬಿಯಾಗಿ ಕೂರುತ್ತಿತ್ತು, ಹಾಳಾದ್ದು. ಅಂಕಿಯ ಬದಲು ಹೆಸರು ಹೊಡೆದರೆ ಬಣ್ಣ ಬರುವ ಹಾಗೆ ಮಾಡಿ, ಚೆನ್ನಾಗಿ ಮಾಡಿದವರ ಕೆಲಸ ಖಾಯಂ ಎಂದರು ಸಾಹೇಬರು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ನನಗೆ ಆ ಕೆಲಸ ಬೇಕೇಬೇಕಿತ್ತು.

ಹೆಸರುಗಳಿಗೆ ನನ್ನಲ್ಲಿ ಬರವಿರಲಿಲ್ಲ. ನಮ್ಮಜ್ಜಿಗೆ ಕೊನೆಗಾಲದಲ್ಲಿ ಕಣ್ಣು ಹೋಗಿತ್ತು. ಕೊಟ್ಟಿಗೆಯಲ್ಲಿ ಕರು ಹುಟ್ಟಿದರೆ ಅದರ ಬಣ್ಣ ನಾನೇ ಹೇಳಬೇಕು. ಕಂದು ಅಂದರೆ ಬೈಗುಳ: "ಕಂದು ಅಂದ್ರೆ ನಂಗೇನ್ ಕಾಣ್ತದೆ ಮಗಾ? ಯಾವ್ದರಂಗೈತೆ ಅನ್ನು." ಹುರಿದ ರಾಗಿಯ ಹಾಗಿದೆ, ಸೀಗೇಪುಡಿಯ ಹಾಗಿದೆ ಎಂದರೆ ಮುಖ ಅರಳುತ್ತಿತ್ತು. ಕಣ್ಣಿಲ್ಲದ ಕಂಪ್ಯೂಟರಿಗೂ ಹಾಗೇ ಹೇಳಿದೆ. ಹೊಲಕ್ಕೆ ಹುರಿದ ರಾಗಿ, ಬಂಜರಿಗೆ ಸೀಗೇಪುಡಿ, ತೋಟಕ್ಕೆ ನುಗ್ಗೆಸೊಪ್ಪು. ಒಂದೊಂದು ಹೆಸರಿಗೂ ಅಂಕಿ ಹೊಂದಿಸಿ ಒಳಗೆ ಸೇರಿಸಿದೆ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಗೆಳತಿಗೆ ಹೇಳುತ್ತಿದ್ದೆ. ಅಜ್ಜಿ ಸತ್ತದ್ದನ್ನು ಹೇಳಿ ಅತ್ತೆ, ಅವಳೂ ಅತ್ತಳು. ನಮ್ಮಮ್ಮ ಕಟ್ಟಿಕೊಟ್ಟ ಮುದ್ದೆ, ಹುರುಳಿ ಸಾರಿನಲ್ಲಿ ದಿನಾ ಅರ್ಧ ಅವಳದೇ.

ಸಾಹೇಬರು ಕೆಲಸ ನೋಡುವ ದಿನ ಬಂಗಾರಪೇಟೆಯಿಂದ ನನ್ನ ರೈಲು ತಡವಾಯಿತು. ಒಳಗೆ ನನ್ನ ಹುರಿದ ರಾಗಿ, ಸೀಗೇಪುಡಿಯನ್ನೇ ತನ್ನದೆಂದು ಸಾಹೇಬರಿಗೆ ತೋರಿಸುತ್ತಿದ್ದ ಅವಳ ದನಿ ಬಾಗಿಲಲ್ಲೇ ಕೇಳಿಸಿತು: "ನಮ್ಮಜ್ಜಿಗೆ ಕಣ್ ಕಾಣ್ತಿರ್ಲಿಲ್ಲ ಸಾರ್. ಕರು ಹುಟ್ಟಿದ್ರೆ ನಾನೇ ಬಣ್ಣ ಹೇಳ್ಬೇಕಿತ್ತು." ಮೇಲೆ ಕಣ್ಣೀರು ಬೇರೆ. ಅವಳಜ್ಜಿ ಕ್ಯಾಸಂಬಳ್ಳಿಯಲ್ಲಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು, ನಾನೇ ಕಣ್ಣಾರೆ ಕಂಡಿದ್ದೇನೆ.

"ಸಾರ್, ಅದು ನಮ್ಮಜ್ಜಿ," ಎಂದೆ.

ಸಾಹೇಬರು ನಕ್ಕರು. "ಎಲ್ರ ಮನೇಲೂ ಅಜ್ಜಿ ಇರ್ತಾರಮ್ಮ."

ಕೆಲಸ ಅವಳಿಗೆ ಖಾಯಂ ಆಯಿತು. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಅದನ್ನು ಅವತ್ತು ಕಂಡೆ. ಕೆಲಸ ಹೋದದ್ದಕ್ಕೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಕರುಳು ಹಿಂಡಿದ್ದು ಬೇರೆ. ಸಂಜೆ ಬಸ್‌ಸ್ಟಾಪಿನಲ್ಲಿ ಅವಳನ್ನು ತಡೆದು, ನಮ್ಮಜ್ಜಿಯನ್ನು ಯಾಕೆ ತಗೊಂಡೆ ಎಂದು ಕೇಳಿದೆ. ತಲೆ ತಗ್ಗಿಸುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದು ಸಮಾಧಾನ ಮಾಡಿದಳು.

"ಬೇಜಾರ್ ಮಾಡ್ಕೋಬ್ಯಾಡ ಕಣೆ. ನಿಮ್ಮಜ್ಜಿ ಎಂಗೂ ಓಗ್ಬುಟ್ಟವ್ಳೆ, ಅವ್ಳಿಗೇನ್ ಗೊತ್ತಾಯ್ತದೆ?"

ಅಜ್ಜಿ ಸತ್ತಾಗಲೂ ನಾನು ಅವತ್ತಿನಷ್ಟು ಅತ್ತಿರಲಿಲ್ಲ.