ಬ್ಲೋ ಬಣ್ಣದ ಗರಿ

ಥಿರ್ಜಾ ಲ್ಯಾಂಬರ್ಟಳ ಮನೆಬಾಗಿಲಿಗೆ ಜನ ಸತ್ತ ಹಕ್ಕಿ ತಂದು ನೇತುಹಾಕಿ ಹೋಗುತ್ತಿದ್ದರು. ಕಾರಿಗೆ ಸಿಕ್ಕಿ ಸತ್ತ ಕೌಜುಗ, ಬೆಕ್ಕು ಕಚ್ಚಿ ಬಿಟ್ಟ ನೀರುಕೋಳಿ, ಏನು ಸಿಕ್ಕರೂ ಕಾಲಿಗೆ ದಾರ ಕಟ್ಟಿ ಅವಳ ಬಾಗಿಲ ಹಿಡಿಗೆ ಸಿಕ್ಕಿಸುವುದು ವಾರ್ಫ್ ಹೊಳೆಯ ದಂಡೆಯ ಆ ಊರಿನಲ್ಲಿ ರೂಢಿ. ಹೊಸದಾಗಿ ಬಂದ ಅಂಚೆಯವನೊಬ್ಬ ಯಾರೋ ಮುದುಕಿಗೆ ಮಾಟ ಮಾಡಿಸಿದ್ದಾರೆಂದು ಬೆದರಿ, ಅವಳ ಕಾಗದಗಳನ್ನು ಪಕ್ಕದ ಮನೆಗೆ ಕೊಟ್ಟು ಓಡಿದ್ದ.

ಥಿರ್ಜಾ ಮೀನು ಹಿಡಿಯುವ ಗಾಳಕ್ಕೆ ಗರಿಯ ನಕಲಿ ನೊಣ ಕಟ್ಟುವವಳು. ಪುಟ್ಟ ಗಾಳದ ಮೈಗೆ ರೇಷ್ಮೆ ದಾರ ಸುತ್ತಿ, ಕೊರಳಿಗೊಂದು ಮೆತ್ತನೆಯ ಗರಿ ಕಟ್ಟಿದರೆ ಸಾಕು. ನೀರಿನೊಳಗೆ ಗರಿಯ ಎಳೆಗಳು ಉಸಿರಾಡಿದಂತೆ ಅಲುಗುತ್ತವೆ, ಟ್ರೌಟ್ ಮೀನು ನಂಬಿ ಬಾಯಿ ಹಾಕುತ್ತದೆ. ಕಲ್ಲುಗೋಡೆ ಕಟ್ಟುತ್ತಿದ್ದ ಅಪ್ಪ ಕಲಿಸಿಕೊಟ್ಟ ಕೆಲಸ ಅದು. ಬಹಳ ವರ್ಷ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಆಲೂಗಡ್ಡೆ ಬೇಯಿಸಿ ಹಾಕಿದ ಥಿರ್ಜಾ, ಸಂಜೆಯಾದರೆ ಕಿಟಕಿಯ ಬಳಿ ಬಿಸ್ಕತ್ತಿನ ಡಬ್ಬಿಗಳನ್ನು ಬಿಚ್ಚಿ ಕೂರುತ್ತಿದ್ದಳು. ಬಿಸ್ಕತ್ತಿನ ಆಸೆಗೆ ಕೈಹಾಕಿದವರಿಗೆಲ್ಲ ಗರಿಯೇ ಸಿಕ್ಕಿದೆ.

ಅವಳು ಗರಿ ಆರಿಸುವ ರೀತಿ ನೋಡಿದರೆ ಪಾದ್ರಿಯ ಹೆಂಡತಿ ಮುಖ ಆಚೆ ತಿರುಗಿಸುತ್ತಿದ್ದಳು. ಗರಿಯನ್ನು ತುಟಿಗಳ ನಡುವೆ ಎಳೆದು ಎಂಜಲಿನಲ್ಲಿ ಒದ್ದೆ ಮಾಡಿ, ಆಮೇಲೆ ಬೆಳಕಿಗೆ ಹಿಡಿಯುವುದು. "ಒಣಗರಿ ಬಣ್ಣ ನಂಬಬೇಡ ಮಗಳೇ, ಮೀನು ನೋಡೋದು ಒದ್ದೆ ಗರೀನ" ಎಂದು ಅಪ್ಪ ಹೇಳಿದ್ದ.

ಎಲ್ಲಕ್ಕಿಂತ ಕಷ್ಟದ್ದು ಬ್ಲೋ. ಅದು ಬಣ್ಣದ ಹೆಸರು, ಆ ಕಣಿವೆಯವರ ಬಾಯಲ್ಲಿ ಮಾತ್ರ ಉಳಿದ ಮಾತು. ಬೂದಿ ಅನ್ನುವಂತಿಲ್ಲ, ನೀಲಿ ಅಂದರೂ ತಪ್ಪು. ಇನ್ನೇನು ಸುರಿಯಲಿರುವ ಮೋಡ, ಬಿದ್ದ ಮೊಣಕಾಲಿನ ಹೆಪ್ಪುಗಟ್ಟಿದ ಹಳೆಯ ಪೆಟ್ಟು, ಚಳಿಯಲ್ಲೂ ಹೊಳೆಯಿಂದ ಎದ್ದುಬಾರದೆ ಆಡುವ ಮಗುವಿನ ತುಟಿ, ಇವೆಲ್ಲ ಬ್ಲೋ. ವಸಂತದಲ್ಲಿ ಹೊಳೆಯಿಂದ ಮೊದಲು ಏಳುವ, ಟ್ರೌಟ್ ತಿನ್ನುವ ಹುಳುಗಳ ರೆಕ್ಕೆಗೂ ಅದೇ ಬಣ್ಣ. ಅದಕ್ಕೆ ಒಪ್ಪುವ ಗರಿ ನೀರುಕೋಳಿಯ ರೆಕ್ಕೆಯ ಒಳಮಗ್ಗುಲಲ್ಲಿ ಸಿಗುತ್ತದೆ, ಅದರಲ್ಲೂ ಕೆಲವು ಮಾತ್ರ.

ಆ ಚಳಿಗಾಲ ಥಿರ್ಜಾಳ ಬಲಗಣ್ಣಿನ ಪೊರೆ ತೆಗೆದರು. ಮನೆಗೆ ಬಂದವಳಿಗೆ ಲೋಕವನ್ನು ಯಾರೋ ಒಗೆದು ಹಿಂಡಿ ಒಣಗಹಾಕಿದಂತೆ ಕಂಡಿತು. ಕೆನೆಬಣ್ಣದ್ದೆಂದು ತಿಳಿದಿದ್ದ ಅಡುಗೆಮನೆಯ ಗೋಡೆ ಬಿಳಿಯದು. ಹಿಗ್ಗಿನಲ್ಲಿ ಬ್ಲೋ ಗರಿಯ ಡಬ್ಬಿ ತೆರೆದಳು. ಗರಿಗಳೆಲ್ಲ ನೀಲಿ. ಇಷ್ಟು ದಿನ ಈ ಸುಳ್ಳು ಬಣ್ಣವನ್ನು ಕಟ್ಟಿಕೊಟ್ಟೆನೇ ಎಂದು ನಾಚಿ, ತಾನು ಕಂಡ ಬ್ಲೋ ನೆನಪಿನಲ್ಲಿ ಹೇಗಿತ್ತೋ ಹಾಗೆ ಕಾಣುವ ಗರಿಗಾಗಿ ಹಕ್ಕಿಯನ್ನೆಲ್ಲ ತಡಕಿ, ಕೊನೆಗೆ ಬೆನ್ನಿನ ಕಂದು ಗರಿ ಕಿತ್ತು ನೊಣ ಕಟ್ಟಿದಳು.

ಮಾರ್ಚ್ ಕೊನೆಗೆ ಮೀನು ಹಿಡಿಯುವವರಿಗೆ ಹೊಳೆ ತೆರೆಯಿತು. ಬಸ್ಸು ಓಡಿಸಿ ನಿವೃತ್ತನಾದ ಪಕ್ಕದ ಮನೆಯ ಜೇಬೆಜ್, ಅವಳ ಶಾಲೆಯ ಜೊತೆಗಾರ, ಹೊಸ ನೊಣಗಳೊಂದಿಗೆ ಹೋದವನು ಬರಿಗೈಯಲ್ಲಿ ಬಂದ.

"ಮೀನೇ ಇರಲಿಲ್ವೇನೋ?"

"ಇದ್ವು ಕಣೇ. ಹತ್ರ ಬಂದು, ಮೂಸಿ ನೋಡಿ, ಹೋದ್ವು. ಒಂದಂತೂ ನನ್ನ ಮುಖ ನೋಡ್ತು."

"ನೊಣದ ಬಣ್ಣ ಹೇಗಿದೆ ನಿನ್ನ ಕಣ್ಣಿಗೆ?"

"ಚಹಾದ ಥರ. ಆದ್ರೆ ನಂಗೂ ಪೊರೆಯೋ ಏನೋ, ಈಗ ಎಲ್ಲಾನೂ ಚಹಾದ ಥರಾನೇ ಕಾಣೋದು. ನನ್ನ ಹೆಂಡ್ತೀನೂ ಸೇರಿ."

ಥಿರ್ಜಾ ನೊಣವನ್ನು ಬೆಳಕಿಗೆ ಹಿಡಿದಳು. ಎಡಗಣ್ಣು ಮುಚ್ಚಿದರೆ ಒಂದು ಬ್ಲೋ, ಬಲಗಣ್ಣು ಮುಚ್ಚಿದರೆ ಇನ್ನೊಂದು. ಈಸ್ಟರ್ ಕಳೆದ ಮೇಲೆ ಎಡಗಣ್ಣಿನ ಪೊರೆಯನ್ನೂ ತೆಗೆಯುವವರಿದ್ದರು. ಆಮೇಲೆ ಹಳೆಯ ಬಣ್ಣ ಹೇಗಿತ್ತೆಂದು ಕೇಳೋಣವೆಂದರೆ ಅದನ್ನು ಕಂಡ ಕಣ್ಣೇ ಇರುವುದಿಲ್ಲ.

"ಯಾವುದು ನಿಜ ಅಂತ ಗೊತ್ತಾಗ್ದೆ ಕಟ್ಟಲ್ಲ ಕಣೋ. ಡಬ್ಬಿಗಳನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ."

"ಕೊಡು. ನಿಜವಾದ ಬಿಸ್ಕತ್ತು ತುಂಬಿಸು. ಅಲ್ಲ ಕಣೇ, ನಮ್ಮನ್ನ ಕೇಳ್ತೀಯಲ್ಲ, ಆ ಹುಳೂನ ಕೇಳಿದ್ಯಾ?"

ಮಾತು ತಮಾಷೆಯದು. ಆದರೆ ಮರುದಿನ ಮಧ್ಯಾಹ್ನ ಥಿರ್ಜಾ ಡಬ್ಬಿಯನ್ನು ಕೋಟಿನ ಜೇಬಿಗೆ ತುರುಕಿ ಜೇಬೆಜ್‌ನ ಹಿಂದೆ ಹೊಳೆಗೆ ಹೊರಟಳು. ಹುಟ್ಟಿದಾಗಿನಿಂದ ದಂಡೆಯಲ್ಲಿದ್ದರೂ ಅಪ್ಪ ಹೇಳಿದ್ದ ಬಣ್ಣವನ್ನು ನೆನಪಿನಿಂದಲೇ ಕಟ್ಟಿದವಳು. ಹುಳುವನ್ನು ಕೈಮೇಲೆ ಕೂರಿಸಿಕೊಂಡು ನೋಡಿ ಎಷ್ಟು ಕಾಲವಾಗಿತ್ತೋ.

ಗಾಳಿ ಕಿವಿ ಕಚ್ಚುತ್ತಿತ್ತು. ಸೇತುವೆಯ ಕೆಳಗೆ ನೀರಿನ ಮೇಲೆ ಹುಳುಗಳು ಪುಟ್ಟ ಹಾಯಿದೋಣಿಗಳಂತೆ ರೆಕ್ಕೆ ಎತ್ತಿಕೊಂಡು ತೇಲಿಬರತೊಡಗಿದವು. ಥಿರ್ಜಾ ಮೊಣಕಾಲೂರಿ ತೋಳನ್ನು ನೀರಿಗಿಟ್ಟಳು. ಒಂದು ಹುಳು ಅವಳ ಒದ್ದೆ ತೋಳಿಗೆ ಹತ್ತಿ ಕುಳಿತಿತು. ಡಬ್ಬಿಯಿಂದ ನೀರುಕೋಳಿಯ ರೆಕ್ಕೆಯ ಒಳಮಗ್ಗುಲಿನ ಗರಿಯೊಂದನ್ನು ತೆಗೆದು ತುಟಿಯಲ್ಲಿ ನೆನೆಸಿ, ಉಸಿರು ಬಿಗಿಹಿಡಿದು, ಹುಳುವಿನ ಪಕ್ಕದಲ್ಲಿಟ್ಟಳು.

ಬಲಗಣ್ಣಿಗೆ ಎರಡೂ ನೀಲಿ. ಎಡಗಣ್ಣಿಗೆ ಎರಡೂ ಮಾಸಲು. ಯಾವ ಕಣ್ಣಿನಲ್ಲಿ ನೋಡಿದರೂ ಗರಿಯೂ ರೆಕ್ಕೆಯೂ ಅಕ್ಕತಂಗಿಯರಂತೆ ಒತ್ತಿಕೊಂಡಿದ್ದವು. ಬೆನ್ನಿನ ಗರಿ ಇಟ್ಟಳು. ಎರಡು ಕಣ್ಣಿಗೂ ಅದು ಊರಿಗೆ ಹೊಸಬನಂತೆ ದೂರ ನಿಂತಿತು.

"ಲೋ ಜೇಬೆಜ್, ಡಬ್ಬೀಲಿದ್ದದ್ದೇ ಸರಿ ಕಣೋ."

"ಹಾಗಾದ್ರೆ ನಿನ್ನೆ ನಂಗೆ ಕೊಟ್ಟಿದ್ದು?"

"ಅದನ್ನ ಟೋಪಿಗೆ ಸಿಕ್ಕಿಸ್ಕೋ. ಚಹಾ ಬಣ್ಣಕ್ಕೆ ಒಪ್ಪುತ್ತೆ."

ಕಲ್ಲುಗೋಡೆಯ ಮರೆಯಲ್ಲಿ ಕುಳಿತು, ಚಳಿಗೆ ಮರಗಟ್ಟಿದ ಬೆರಳುಗಳಲ್ಲೇ ಗಾಳ ಹಿಡಿದು, ಹಳದಿ ರೇಷ್ಮೆ ಸುತ್ತಿ ಗರಿ ಕಟ್ಟಿದಳು. ಜೇಬೆಜ್ ಎಸೆದ. ಅವನು ಚಳಿಯನ್ನು ಬೈಯುತ್ತಿರುವಾಗಲೇ ದಾರ ಬಿಗಿಯಿತು. ಹೊಟ್ಟೆ ಹೊಳೆಯುವ ಟ್ರೌಟೊಂದು ಹುಲ್ಲಿನ ಮೇಲೆ ಬಂದು ಬಿತ್ತು.

"ನೀನೂ ಕಣ್ಣು ತೋರಿಸ್ಕೊಳ್ಳೋ" ಎಂದಳು ಥಿರ್ಜಾ, ಡಬ್ಬಿಯ ಮುಚ್ಚಳ ಒತ್ತುತ್ತ. "ಹೆಂಡ್ತಿ ಮುಖ ಚೆನ್ನಾಗಿ ಕಾಣುತ್ತೆ."

"ಅವಳಿಗೆ ನನ್ನ ಮುಖ ಕಾಣ್ದೇ ಇದ್ರೆ ಸರಿ."

"ಸಾಕು, ನಡಿ. ಮಳೆ ಬರುತ್ತೆ."

"ಯಾರು ಹೇಳಿದ್ರು?"

ಥಿರ್ಜಾ ಗುಡ್ಡದ ತಲೆಯ ಮೇಲಿನ ಮೋಡದತ್ತ ಗಲ್ಲ ಎತ್ತಿದಳು. "ನೋಡು, ಬ್ಲೋ ಆಗಿದೆ."

"ಯಾವ ಕಣ್ಣಲ್ಲಿ?"

"ಎರಡರಲ್ಲೂ" ಎಂದು ಅವಳು ಮೀನನ್ನು ತಾನೇ ಎತ್ತಿಕೊಂಡು ಮುಂದೆ ನಡೆದಳು.