ಪಾಯಿಂಟ್ ಎರಡರ ಇಳಿಜಾರು

ಬಂದ ಅಂಕಿಯನ್ನು ಡಿಗ್ರಿಗೆ ತಿರುಗಿಸು ಎಂದು ತಂಗಿ ಹೇಳಿದ್ದಳು. ನಾನು ತಿರುಗಿಸಲಿಲ್ಲ. ಆಮೇಲೆ ಬಾಯಿಯನ್ನೂ ಬಿಡಲಿಲ್ಲ.

ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನ ಬಾಗಿಲ ಮೇಲೆ ಐದು ಫೂಟಿನ ತಗಡಿನ ಪತ್ರಾ ಹಾಕಿಸುವುದಿತ್ತು. ಮಳೆನೀರು ಹರಿಯಲು ಮುಂದಿನ ಅಂಚು ಒಂದು ಫೂಟು ಕೆಳಗಿರಬೇಕು. ಆಧಾರದ ಕಬ್ಬಿಣ ಓರೆಯಾಗಿ ಕತ್ತರಿಸಲು ವೆಲ್ಡರ್ ಡಿಗ್ರಿ ಕೇಳಿದ. ನಾನು ಆರನೆಯ ಇಯತ್ತೆಗೇ ಸಾಲೆ ಬಿಟ್ಟವನು. ಜಮಖಂಡಿಯಲ್ಲಿ ಡಿಪ್ಲೊಮಾ ಓದುವ ತಂಗಿ ನನ್ನ ಮೊಬೈಲಿನಲ್ಲಿ ಪೈಥಾನ್ ಹಾಕಿಕೊಟ್ಟಿದ್ದಳು. ಅವಳು ಫೋನಿನಲ್ಲಿ ಹೇಳಿದಂತೆ ಸೈನ್ ಲೆಕ್ಕವನ್ನು ತಿರುವುಮುರುವು ಮಾಡುವ ಆಜ್ಞೆ ಬರೆದು, ಐದನ್ನು ಒಂದರಿಂದ ಭಾಗಿಸಿದೆ. ಕೆಂಪು ಅಕ್ಷರ ಬಂದವು. ಬರೆದದ್ದನ್ನು ತಂಗಿಗೆ ಓದಿ ಹೇಳಿದೆ.

“ಅಣ್ಣಾ, ಐದು ಫೂಟಿನ ಪತ್ರಾ ಇಪ್ಪತ್ತೈದು ಫೂಟು ಇಳಿಸ್ತೀಯೇನ? ಬಾವ್ಯಾಗ ಬಿಡಾವೇನ? ಒಂದನ್ನ ಐದರಿಂದ ಭಾಗಿಸು. ಬಂದದ್ದು ರೇಡಿಯನ್, ಕೋನದ ಬ್ಯಾರೆ ಅಳತಿ, ಅದನ್ನ ಡಿಗ್ರಿ ಮಾಡಿ ಕೊಡು. ತಿಳೀತಿಲ್ಲೋ?”

“ತಿಳೀತ ತಗೋ,” ಎಂದೆ. ತಿಳಿದಿರಲಿಲ್ಲ. ಈ ಸಲ ಕೆಂಪು ಬರಲಿಲ್ಲ, ಸೊನ್ನೆ ಪಾಯಿಂಟ್ ಎರಡು ಬಂತು. ಮತ್ತೆ ಮುಟ್ಟಿದರೆ ಕೆಂಪಾದೀತೆಂದು ಹೆದರಿ ಮೊಬೈಲ್ ಕಿಸೆಗಿಟ್ಟೆ.

ಪಾಯಿಂಟ್ ಎರಡು ಡಿಗ್ರಿ ಎಂದೆ. ವೆಲ್ಡರ್ ತಲೆ ಕೆರೆದುಕೊಂಡ. “ಇಷ್ಟಕ್ಕ ಮಶೀನಿನ ಮುಳ್ಳು ಸೈತ ಅಳ್ಳಾಡಂಗಿಲ್ರಿ.”

“ಕಂಪ್ಯೂಟರ್ ಹೇಳೈತಿ.”

“ಹಂಗಿದ್ರ ಖರೆ ಇರಬೇಕ ಬಿಡ್ರಿ.”

ಪತ್ರಾ ಮಂಚದಂತೆ ಮಲಗಿತು. ಒಂದೆಳೆ ನೂಲು ಸಡಿಲಾದರೂ ದೂರದಿಂದಲೇ ಹಿಡಿಯುವ ಅಪ್ಪ ಅದನ್ನು ನೋಡಿ, ತನ್ನ ಕಣ್ಣನ್ನೇ ಒರೆಸಿಕೊಂಡ. “ಮಗಳ ಲೆಕ್ಕ,” ಎಂದು ಓಣಿಗೆಲ್ಲ ಹೇಳಿದ.

ಮಳೆ ಬಂತು. ನೀರು ಮೇಲೆಯೇ ನಿಂತಿತು. ಗುಬ್ಬಿಗಳು ಜಳಕಕ್ಕೆ ಬಂದವು. “ಕಾಕಾ, ಮೀನು ಯಾವಾಗ ಬಿಡ್ತೀರಿ?” ಎಂದು ಪಕ್ಕದ ಮನೆಯವನು ಕೂಗಿದ. ರವಿವಾರ ನೂಲಿನ ವ್ಯಾಪಾರಿ ಬಾಗಿಲಲ್ಲಿ ನಿಂತು ಪತ್ರಾವನ್ನು ಹೊಗಳುತ್ತಿದ್ದಾಗಲೇ ಅದು ಬಾಗಿ, ಕೆರೆಯಷ್ಟು ನೀರು ಅವರ ತಲೆಗೆ ಸುರಿಯಿತು.

ರಜೆಗೆ ಊರಿಗೆ ಬಂದಿದ್ದ ತಂಗಿಯ ಕಡೆ ಅಪ್ಪ ತಿರುಗಿದ. “ಈ ಲೆಕ್ಕಕ್ಕ ಜಮಖಂಡಿಗೆ ಹೋಗಬೇಕೇನ? ಸಾಲಿ ಸಾಕ. ನಾಳಿಂದ ಕಂಡಿಕಿ ಸುತ್ತು.”

“ನಾ ಏನ ತಪ್ಪ ಹೇಳಿದೆ, ಅಣ್ಣಾ?” ಎಂದಳು. ನಾನು ಗುಬ್ಬಿ ನೋಡುತ್ತ ನಿಂತೆ.

ಮುಂಜಾನೆ ಜಮಖಂಡಿ ಬಸ್ಸಿನ ಹೊತ್ತಿಗೆ ಅವಳು ಕಂಡಿಕೆಗೆ ನೂಲು ಸುತ್ತುವ ರಾಟೆಯ ಮುಂದೆ ಕೂತಿದ್ದಳು. ಹಿಡಿಯಲು ಬಾರದ ಅವಳ ಕೈಯಲ್ಲಿ ಎಳೆ ಪದೇಪದೇ ಕಡಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮಗ್ಗ ಬಂದ್ ಮಾಡಿದೆ. ಶೆಡ್ಡಿನವರೆಲ್ಲ ತಿರುಗಿ ನೋಡಿದರು.

“ಅಪ್ಪಾ, ಆಕಿ ಸರಿಯಾಗೇ ಹೇಳಿದ್ಲು. ಡಿಗ್ರಿ ಮಾಡ್ಲಾರ್ದ ಕೊಟ್ಟಾಂವ ನಾನು. ತಿಳೀಲಿಲ್ಲ ಅನ್ನಾಕ ನಾಚಿಕಿ ಬಂತು. ಆಕಿನ್ನ ಸಾಲಿಗೆ ಕಳಸು. ತಂಗೆವ್ವಾ, ನಂದ ತಪ್ಪಾತು.”